ಹತ್ತನೆಯ ಬೀಜ

ಆರನೆಯ ದಿನವೂ ಕನಕಮ್ಮ ನಸುಕಿನಲ್ಲೇ ಎದ್ದು ಕಾಲುವೆಯ ಸೇತುವೆ ದಾಟಿದಳು. ಗಂಡ ತಾಯಪ್ಪ ಗೋಡೆಯ ಮರೆಯಲ್ಲಿ ನಿಂತು ನೋಡಿದ. ಅವಳು ನೇರ ಬಾಲಪ್ಪನ ಹಿತ್ತಲು ಹೊಕ್ಕಳು. ಚಹಾ ಕುದಿಯುವಷ್ಟು ಹೊತ್ತಿಗೆ ಸೆರಗಿನಲ್ಲಿ ಕೈ ಮರೆಮಾಡಿಕೊಂಡು ಹೊರಬಂದಳು. ಬಾಲಪ್ಪನ ಹೆಂಡತಿ ಸತ್ತು ಎರಡು ವರ್ಷ. ಮನೆಯಲ್ಲಿ ಅವನೊಬ್ಬ, ಹಿತ್ತಲಲ್ಲಿ ಒಂದು ಜವಾರಿ ಸವತಿಕಾಯಿ ಬಳ್ಳಿ, ಅಷ್ಟೇ.

ತಾಯಪ್ಪ ಏನೂ ಕೇಳಲಿಲ್ಲ. ಕೇಳಿದರೆ ಅವಳೂ ಏನಾದರೂ ಕೇಳಿಯಾಳು.

ಎಲ್ಲಕ್ಕೂ ಮೂಲ ಒಂದು ಬೀಜದ ಪೊಟ್ಟಣ. ಅದು ತೊಂಬತ್ತನೆಯ ಇಸವಿ. ಬಾಲಪ್ಪ ಸಿಂಧನೂರಿನ ಬೀಜದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅವನ ಕೈಯಿಂದ ತಾಯಪ್ಪ ಹೈಬ್ರಿಡ್ ಸವತಿ ಬೀಜ ತರಿಸಿದ. ಅವರ ಊರು ಗೊರೇಬಾಳದ ಓಣಿಗೆ ಅಷ್ಟೇ ಸಾಕಾಯಿತು. ತಾಯಪ್ಪ ಸವತಿ ತಂದಾನಂತ ಎಂಬ ಸುದ್ದಿ ನೀರಿಗೆ ಹೋಗಿದ್ದ ಕನಕಮ್ಮನ ಕಿವಿಗೂ ಬಿತ್ತು. ಅವಳು ಕೊಡ ಕೂಡ ಇಳಿಸಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಅತ್ತತ್ತು ಮನಸ್ಸು ಮರಗಟ್ಟಿ ಹೋಗಿತ್ತು. ಮನೆಗೆ ಬಂದು ನೋಡಿದರೆ ಬಂದದ್ದು ತಿನ್ನುವ ಸವತಿ, ಸೌತೆಕಾಯಿಯ ಬೀಜ.

ಓಣಿಯ ಹೆಂಗಸರೆಲ್ಲ ನಕ್ಕರು. ಅತ್ತೆ ಮುದುಕಮ್ಮ ನಗಲಿಲ್ಲ. ಈ ಬೀಜ ಬಳ್ಳಿಯಾಗಿ ಕಾಯಿ ಬಿಡುವುದರೊಳಗೆ ಇನ್ನೊಂದು ಸವತಿಯೂ ಬರುತ್ತಾಳೆ ಎಂದಳು. ಸಂತೆಕಲ್ಲೂರಿನ ಬಸ್ಸಪ್ಪನ ಮಗಳನ್ನು ಆಗಲೇ ನೋಡಿಟ್ಟಿದ್ದಳು. ಆ ಹುಡುಗಿ ಬಂದ ದಿನ ಕನಕಮ್ಮ ತವರಿನ ಬಸ್ಸು ಹತ್ತಬೇಕು. ಹತ್ತಿ ಹೋಗಿ ಎಲ್ಲಿ ಇಳಿಯುವುದು? ತವರಿನಲ್ಲಿ ಬಾಗಿಲು ತೆರೆಯುವವರು ಯಾರೂ ಉಳಿದಿರಲಿಲ್ಲ.

ತಾಯಪ್ಪ ಎದ್ದು ಹೋಗಿ ರೇಡಿಯೋ ಹಚ್ಚಿದ. ಮಕ್ಕಳ ಮಾತು ಬಂದಾಗಲೆಲ್ಲ ಅವನಿಗೆ ರೇಡಿಯೋ ನೆನಪಾಗುತ್ತಿತ್ತು. ಮದುವೆಗೆ ಮೂರು ವರ್ಷ ಮೊದಲು, ಅವನು ಕಾಲುವೆ ಕೆಲಸಕ್ಕೆ ಸೇರಿದ ವರ್ಷ ಮನೆಗೆ ಬಂದ ರೇಡಿಯೋ ಅದು. ಯಾರು ಕೊಟ್ಟರೆಂದು ಅವನು ಹೇಳಿದ್ದಿಲ್ಲ. ಲಿಂಗಸುಗೂರಿನ ಡಾಕ್ಟರಮ್ಮ ಕನಕಮ್ಮನನ್ನು ನೋಡಿ, ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬಾ ಎಂದಿದ್ದರು. ಆರು ವರ್ಷದಿಂದ ಅವನಿಗೆ ಬಿಡುವಾಗಿರಲಿಲ್ಲ.

ಪೊಟ್ಟಣದಲ್ಲಿ ಹತ್ತು ಬೀಜ. ಒಂಬತ್ತು ಬಿಳಿ, ಒಂದು ಹಸಿರು. ಇದು ಕೆಟ್ಟಿದೆ ಎಂದು ತಾಯಪ್ಪ ಹಸಿರು ಬೀಜವನ್ನು ಕಾಲುವೆಗೆ ಎಸೆದ. ಉಳಿದ ಒಂಬತ್ತೂ ಹುಟ್ಟಿದವು, ಹಬ್ಬಿದವು, ಮೈತುಂಬ ಹೂ ಬಿಟ್ಟವು. ಒಂದೊಂದು ಹೂವಿನ ಹಿಂದೆಯೂ ಕಿರುಬೆರಳಿನಷ್ಟು ಮರಿಕಾಯಿ. ಎರಡು ದಿನ ಹಸಿರಾಗಿದ್ದು ಮೂರನೆಯ ದಿನ ಹಳದಿಯಾಗಿ ಉದುರಿದವು. ಹದಿನೈದು ದಿನ ಇದೇ ಕಥೆ. ಮುದುಕಮ್ಮ ಕಾರಣ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಲಿಲ್ಲ. ಬಂಜೆಯ ಕೈನೀರು ಕುಡಿದ ಬಳ್ಳಿ ಇನ್ನೇನು ಬಿಟ್ಟೀತು ಎಂದು ಓಣಿಗೆ ಕೇಳುವಂತೆ ಹೇಳಿದಳು.

ತಾನು ತಂದುಕೊಟ್ಟ ಬೀಜವಲ್ಲವೇ, ಬಾಲಪ್ಪ ನೋಡಲು ಬಂದ. ಹಸಿರು ಬೀಜದ ಬಳ್ಳಿ ಯಾವುದು ಎಂದು ಕೇಳಿದ. ಎಸೆದ ಸುದ್ದಿ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡ.

“ಅದ ಗಂಡು ಹೂವಿನ ಬಳ್ಳಿ, ತಾಯಪ್ಪಣ್ಣ. ಗುರ್ತಿಗೆ ಬಣ್ಣ ಹಚ್ಚಿರ್ತಾರ. ಜವಾರಿ ಬಳ್ಳ್ಯಾಗ ಗಂಡು ಹೆಣ್ಣು ಎರಡೂ ಹೂ ಇರ್ತಾವ, ಇವುಗಳಾಗ ಬರೇ ಹೆಣ್ಣು. ಅದನ್ನ ನೀನ ಒಗದು, ಇವು ಕಾಯಿ ಕಟ್ಟಲಿಲ್ಲ ಅಂದ್ರ ಹೆಂಗ? ಬಳ್ಳ್ಯಾಗ ಏನೂ ಐಬಿಲ್ಲ.”

ಕನಕಮ್ಮ ಬಳ್ಳಿಯನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ತಾಯಪ್ಪ ಒಳಗೆ ಹೋಗಿ ರೇಡಿಯೋ ಹಚ್ಚಿದ. ಸೆಲ್ ಮುಗಿದಿತ್ತು. ಬರೀ ಗೊರಗೊರ. ಅದನ್ನೇ ಕೇಳುತ್ತ ಕುಳಿತ.

ಹೋಗುವಾಗ ಬಾಲಪ್ಪ ಕನಕಮ್ಮನಿಗೆ ಮೆಲ್ಲಗೆ ಏನೋ ಹೇಳಿದ. ಮರುದಿನ ಮುದುಕಮ್ಮ ಬಳ್ಳಿಗಳನ್ನೆಲ್ಲ ಕೀಳಿಸಿದಳು. ಕನಕಮ್ಮ ಎಂಟನ್ನು ಕಿತ್ತು, ಸಗಣಿ ಕುಳ್ಳಿನ ಬಣವೆಯ ಹಿಂದಿನ ಒಂದನ್ನು ಬಿಟ್ಟಳು. ಆ ಕಡೆ ಯಾರೂ ಹೋಗುತ್ತಿರಲಿಲ್ಲ. ಅವಳು ನಸುಕಿನಲ್ಲಿ ಸೇತುವೆ ದಾಟತೊಡಗಿದ್ದು ಅದರ ಮರುದಿನದಿಂದ.

ಮೂರು ವಾರ ಕಳೆದು ಬಸ್ಸಪ್ಪ ಇಬ್ಬರು ಹಿರಿಯರೊಂದಿಗೆ ಬಂದ. ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಎಲೆ ಅಡಿಕೆ ಬಂತು. ಮದುವೆಯ ತಾರೀಖಿನ ಮಾತು ಶುರುವಾಗುವ ಹೊತ್ತಿಗೆ ಕನಕಮ್ಮ ಚಹಾ ತಂದಿಟ್ಟಳು. ಇಟ್ಟು ಒಳಗೆ ಹೋಗಲಿಲ್ಲ. ಸೆರಗನ್ನು ಮುಂದೆ ತಂದು ಉಡಿ ಕಟ್ಟಿದ್ದಳು. ಒಂದು ಕೈ ಅದರ ಕೆಳಗಿತ್ತು.

“ಅತ್ತಿ, ಇನ್ನ ಆ ಹುಡುಗಿ ಯಾಕ ಬೇಕ್ರಿ? ನನ್ನ ಉಡಿ ತುಂಬೈತಿ.”

ಮುದುಕಮ್ಮನ ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು. ಎದ್ದು ಬಂದು ಸೊಸೆಯ ಗದ್ದ ಹಿಡಿದಳು. ಹನ್ನೊಂದು ವರ್ಷ ಬಂಜೆ ಎಂದ ಬಾಯಿಂದ ನನ್ನವ್ವ, ನನ್ನ ತಾಯಿ ಎಂಬ ಮಾತು ಬಂತು. ಬಸ್ಸಪ್ಪನೂ, ಒಳ್ಳೆಯದಾಯಿತು ಬಿಡ್ರಿ ಎಂದು ಟವೆಲ್ ಹೆಗಲಿಗೆ ಹಾಕಿದ.

ತಾಯಪ್ಪ ಒಮ್ಮೆಲೇ ಎದ್ದು ನಿಂತ. “ಅದು ನಂದಲ್ಲ!”

ಎಲ್ಲರೂ ಅವನತ್ತ ತಿರುಗಿದರು. ದಿನಾ ನಸುಕಿನಲ್ಲಿ ಬಾಲಪ್ಪನ ಹಿತ್ತಲಿಗೆ ಹೋಗಿ ಬರುತ್ತಾಳೆ, ಕಣ್ಣಾರೆ ನೋಡಿದ್ದೇನೆ ಎಂದು ಅವನು ಒಂದೇ ಉಸಿರಿಗೆ ಹೇಳಿದ.

“ನಿಮ್ಮದಲ್ಲಂತ ಅಷ್ಟ ಗಟ್ಟಿ ಹೆಂಗ ಹೇಳ್ತೀರಿ?” ಕನಕಮ್ಮನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

“ನನ್ನಿಂದ ಆಗಾಕ ಸಾಧ್ಯನ ಇಲ್ಲಲೇ! ಎಪ್ಪತ್ತಾರರಾಗ, ಎಮರ್ಜೆನ್ಸ್ಯಾಗ, ನನಗ ಮಕ್ಕಳಾಗದಂಗ ಆಪರೇಶನ್ ಆಗೈತಿ. ಆ ರೇಡಿಯೋ ಅದಕ್ಕ ಕೊಟ್ಟಾರ!”

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದೇನೆಂದು ತಿಳಿಯಿತು. ಬಸ್ಸಪ್ಪ ಚಪ್ಪಲಿ ಹುಡುಕಿಕೊಂಡ. ಮುದುಕಮ್ಮನ ಕೈ ಸೊಸೆಯ ಗದ್ದದ ಮೇಲೆಯೇ ನಿಂತುಬಿಟ್ಟಿತ್ತು. ಕನಕಮ್ಮನಿಗೆ ಅಳು ಬರಲಿಲ್ಲ. ಸಿಟ್ಟಾದರೂ ಬರಬಹುದೆಂದು ಒಂದು ಗಳಿಗೆ ಕಾದಳು, ಅದೂ ಬರಲಿಲ್ಲ.

ಅತ್ತೆಯ ಕೈ ಹಿಡಿದು ಕೆಳಗಿಳಿಸಿ, ಉಡಿಯ ಗಂಟು ಬಿಚ್ಚಿ, ಬಣವೆಯ ಹಿಂದಿನ ಬಳ್ಳಿ ಬಿಟ್ಟ ಒಂದೇ ಒಂದು ಎಳೆಯ ಸವತಿಕಾಯಿಯನ್ನು ಆ ಅಂಗೈಯಲ್ಲಿಟ್ಟಳು.