ಬಾಗಿಲಾ ಮುಂದ ಮಾಡ್ರಿ

ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಸೊಸೆ, ನೀಲಕ್ಕನ ಅಡುಗೆಮನೆಯಲ್ಲೇ ಫಿಟ್ಸ್ ಬಂದು ಬಿದ್ದಳು. ಹಂಚಿನ ಮೇಲಿನ ರೊಟ್ಟಿ ಸೀದರೆ ಸೀಯಲಿ ಎಂದು ಬಿಟ್ಟು, ನೀಲಕ್ಕ ಅವಳನ್ನು ಮಗ್ಗುಲಾಗಿಸಿ, ಬಾಯಿಯ ನೊರೆ ಒರೆಸುತ್ತ ಕೂತಳು. ಮುಟ್ಟಾದಾಗಲೆಲ್ಲ, ಮುಟ್ಟಾದಾಗ ಮಾತ್ರ, ಈ ಹುಡುಗಿಗೆ ಹೀಗಾಗುವುದು ಓಣಿಗೇ ಗೊತ್ತಿದ್ದ ಸಂಗತಿ. ಹೋದ ತಿಂಗಳೂ ಇಲ್ಲೇ ಬಿದ್ದಿದ್ದಳು.

ಕಣ್ಣು ಬಿಟ್ಟವಳೇ ಅವಳು ನೀಲಕ್ಕನ ಸೆರಗು ಹಿಡಿದುಕೊಂಡಳು.

“ಬಾಗಿಲಾ ಮುಂದ ಮಾಡ್ರಿ ಅಕ್ಕಾ. ನಮ್ಮ ಅತ್ತಿಯವರಿಗೆ ಗೊತ್ತಾಗಬಾರದು.”

“ಅಯ್ಯ ಹುಚ್ಚಿ, ನಿನ್ನ ಫಿಟ್ಸ್ ಆಕಿಗೇನು ಹೊಸಾದೇನು? ಮಾತ್ರಿ ತಂದು ಕೊಡಾಕಿನೂ ಆಕಿನ ಅಲ್ಲೇನು?”

“ಇವತ್ತ ಬಿದ್ದದ್ದು ಗೊತ್ತಾದ್ರ ನನ್ನ ಮನಿಯೊಳಗ ಇಟಗೊಳ್ಳಂಗಿಲ್ರಿ.”

“ಮದುವಿಯಾಗಿ ಎಂಟು ವರ್ಷ ಇಟಗೊಂಡಾರಲ್ಲ. ಈಗೇನಾತು?”

ಅಷ್ಟರಲ್ಲಿ ಹೊರಗಿನಿಂದ ಅತ್ತೆಯ ದನಿ ಕೇಳಿತು. “ದಾನಮ್ಮಾ, ಹಾಲು ಕಾಸೀನಿ, ಆರೂದ್ರಾಗ ಬಾರವ್ವಾ.”

“ಕೇಳಿದ್ಯಾ?” ಎಂದಳು ನೀಲಕ್ಕ. “ಹೆತ್ತಾಕಿನೂ ಹಿಂಗ ಕರಿಯೂದಿಲ್ಲ. ಇಂಥಾಕಿಗೆ ಯಾಕ ಅಂಜತೀ?”

ಹುಡುಗಿ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದಳು.

“ನಾ ಬಸುರಿ ಅಂತ ಅವರಿಗೆ ಹೇಳಿ ಎರಡು ತಿಂಗಳಾತ್ರಿ ಅಕ್ಕಾ.”