ಬೆಳಗಿನ ಆಜ್ಞೆ

ರೇಡಿಯೋ ಅಲೆಗಳ ವೇಗ ಕುಸಿದು ಹದಿನಾಲ್ಕು ವರ್ಷ ಕಳೆದಿತ್ತು. ಈಗ ಮಾತು ನೂರು ಮೈಲಿ ದಾಟಲು ಒಂದು ಗಂಟೆ ಬೇಕಿತ್ತು. ಯುದ್ಧನೌಕೆಯ ವೈರ್‌ಲೆಸ್ ಕೋಣೆಯಲ್ಲಿ ಲತಿಕಾ ಹರಿಕಂತ್ರ ದಿನವಿಡೀ ಹಳಸಿದ ಮಾತುಗಳನ್ನೇ ಬರೆದುಕೊಳ್ಳುತ್ತಿದ್ದಳು.

ಆ ಮಧ್ಯಾಹ್ನ ಹತ್ತು ಮೈಲಿ ದೂರದಲ್ಲಿದ್ದ ಶತ್ರು ಹಡಗು ಅವಳನ್ನು ಕರೆಯಿತು. "ಯುದ್ಧ ನಿಂತಿದೆ. ನಮ್ಮ ದಡ ಹತ್ತಿರ, ಅದಕ್ಕೇ ನಮಗೆ ಮೊದಲು ತಿಳಿಯಿತು" ಎಂದಿತು. ಅದರ ಬೆನ್ನಿಗೇ ಆರುನೂರು ಮೈಲಿ ಆಚೆಯ ತಮ್ಮ ದಡದಿಂದ ಆಜ್ಞೆ ಬಂತು: ಆ ಹಡಗನ್ನು ಮುಳುಗಿಸಿ.

ಲತಿಕಾ ಎರಡೂ ಮಾತು ಬರೆದ ಚೀಟಿ ಹಿಡಿದು ಕ್ಯಾಪ್ಟನ್ ಬೋಪಯ್ಯನವರ ಬಳಿ ಓಡಿದಳು.

"ಈ ಆಜ್ಞೆ ಬೆಳಿಗ್ಗೆ ಏಳು ಗಂಟೆಗೆ ಹೇಳಿದ್ದು ಸರ್. ಈಗ ಒಂದಾಯ್ತು. ಆಮೇಲೆ ಅಲ್ಲಿ ಏನಾಯ್ತೋ ನಮಗೆ ಗೊತ್ತಿಲ್ಲ."

"ನಮಗೆ ಬರೋದೆಲ್ಲ ಹಳೇದೇ, ಲತಿಕಾ. ಶತ್ರು ಹೇಳಿದ್ದನ್ನ ನಂಬಿ ಕೂತ್ಕೊಳ್ಳೋಕಾಗುತ್ತಾ?"

"ಹಾಗಾದ್ರೆ ನಾನಿಲ್ಲಿ ಯಾಕಿದ್ದೀನಿ ಸರ್? ಕೇಳಿದ್ದನ್ನ ನಂಬೋ ಹಾಗಿಲ್ಲ, ಕಾಯೋ ಹಾಗೂ ಇಲ್ಲ."

ಕ್ಯಾಪ್ಟನ್ ಗುರಿ ಹಿಡಿಯಲು ಆಜ್ಞೆ ಕೊಟ್ಟರು. ಫಿರಂಗಿಗಳು ತಿರುಗತೊಡಗಿದವು. ಲತಿಕಾ ಸಿಟ್ಟಿನಿಂದ ಕೋಣೆಗೆ ಮರಳಿದವಳೇ ಶತ್ರು ಹಡಗನ್ನು ಕರೆದು, "ಗುಂಡು ಹಾರಿಸುತ್ತಾರೆ, ದೂರ ಹೋಗಿಬಿಡಿ" ಎಂದುಬಿಟ್ಟಳು. ಆ ಮಾತು ತಲುಪಲು ಆರು ನಿಮಿಷ ಬೇಕಿತ್ತು. ತಿರುಗಿ ನೋಡಿದರೆ ಬಾಗಿಲಲ್ಲಿ ಕ್ಯಾಪ್ಟನ್ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಅವರು ಗಡಿಯಾರ ನೋಡಿದರು. ಆಮೇಲೆ ಗೋಡೆಯ ಫೋನ್ ಎತ್ತಿ ಫಿರಂಗಿಯವರಿಗೆ ಹೇಳಿದರು: "ಗುರಿ ಸರಿಯಿಲ್ಲ. ಮೊದಲಿಂದ ಇನ್ನೊಂದ್ಸಲ ಅಳೀರಿ. ಅವಸರ ಏನೂ ಇಲ್ಲ."