ನಾನು ದಾಟಿಸದ ಮಾತು

ಉಪ್ಪು, ಸಕ್ಕರೆ ಕದಡಿದ ನೀರು ನಾಲಿಗೆಗೆ ತಾಗಿದರೆ ಈಗಲೂ ಎಂಬತ್ತರ ದಶಕದ ನಾಗಪುರದ ಆ ಮಧ್ಯಾಹ್ನ ನೆನಪಾಗುತ್ತದೆ. ನರ್ಸ್ ಆಗಿದ್ದ ಅವ್ವನಿಗೆ ಇನ್ನೂ ಮರಾಠಿ ಬರುತ್ತಿರಲಿಲ್ಲ. ಶಾಲೆಯಲ್ಲಿ ಮರಾಠಿ ಕಲಿತಿದ್ದ ಹತ್ತು ವರ್ಷದ ನಾನೇ ಅವಳ ದುಭಾಷಿ. ಗುಡಿಸಲ ಬಾಗಿಲಲ್ಲಿ ತಾಯಿಯೊಬ್ಬಳು ಭೇದಿಯಿಂದ ಸೊರಗಿದ ಕೂಸನ್ನು ಹಿಡಿದು ಕೂತಿದ್ದಳು. ಸುತ್ತ ಗಂಡಸರು ನಿಂತಿದ್ದರು.

“ಈ ನೀರು ಕುಡಸು ಅಂತ ಹೇಳವಾ. ಎದಿಹಾಲು ಮಾತ್ರ ಬಿಡಸಬ್ಯಾಡ ಅನ್ನು,” ಎಂದಳು ಅವ್ವ.

ನೀರಿನ ಮಾತು ಹೇಳಿದೆ. ಹಾಲಿನ ಮಾತಿಗೆ ನಾಚಿಕೆಯಾಯಿತು.

“ಎಲ್ಲಾ ಹೇಳಿದಿ ಹೌದಿಲ್ಲೊ?”

“ಬರೋಬರ್ ಹೇಳೀನವ್ವಾ.”

ಮರುವಾರ ಹೋದಾಗ ಕೂಸಿಗೆ ಅಳುವ ಶಕ್ತಿಯೂ ಇರಲಿಲ್ಲ. ಭೇದಿ ಹೆಚ್ಚೀತೆಂದು ತಾಯಿ ಎದೆಹಾಲು ನಿಲ್ಲಿಸಿದ್ದಳು. ಅವ್ವ ಎಲ್ಲರೆದುರೇ ತನ್ನ ಎದೆ ಮುಟ್ಟಿ ತೋರಿಸಿ, ಹರಕುಮುರುಕು ಮರಾಠಿಯಲ್ಲಿ ತಾನೇ ಹೇಳಿದಳು. ಕೂಸಿಗೆ ಆಸ್ಪತ್ರೆಯಲ್ಲಿ ಮಂಚ ಸಿಗುವವರೆಗೂ ಡಾಕ್ಟರರ ಬಾಗಿಲು ಬಿಟ್ಟು ಕದಲಲಿಲ್ಲ.

ಕೂಸು ಉಳಿಯಿತು. ಅವ್ವ ನನ್ನನ್ನು ಬಯ್ಯಲಿಲ್ಲ; ಮತ್ತೆಂದೂ ಜೊತೆಗೆ ಕರೆಯಲಿಲ್ಲ.